ಮಗು ಶಾಲೆಯ ಬ್ಯಾಂಡ್ ಸೇರಿದರೆ ಮನೆಯಲ್ಲಿ ನಾವು ಏನು ಮಾಡಬೇಕು

ನನ್ನ ಮಗಳು ಶಾಲೆಯ ಬ್ಯಾಂಡ್ ಸೇರಿ ಇದು ಮೂರನೇ ವರ್ಷ. ಆರನೇ ಕ್ಲಾಸಿನಲ್ಲಿ ಸೈಡ್ ಡ್ರಮ್, ಅಂದರೆ ಎರಡು ಸ್ಟಿಕ್ಕಿನಲ್ಲಿ ಬಾರಿಸುವ ಚಿಕ್ಕ ಡ್ರಮ್ ಹಿಡಿದಳು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಎತ್ತರ ಬೆಳೆದಿದ್ದಳು, ಪಿಟಿ ಸರ್ ದೊಡ್ಡ ಡ್ರಮ್ ಕೊಟ್ಟರು. ಮನೆಗೆ ಬಂದ ನೆಂಟರು ಕೇಳಿದ್ದು ಒಂದೇ ಮಾತು, "ಅದರಲ್ಲೇನಿದೆ, ಬರೀ ಢಂ ಢಂ ಅಲ್ವಾ?" ಮಗಳ ಮುಖ ಸಣ್ಣದಾಯಿತು. ನನಗೂ ಆಗ ಏನು ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಪ್ರಾಕ್ಟೀಸ್ ನೋಡೋಣ ಅಂತ ಹೋಗಿ ಕಾಂಪೌಂಡ್ ಹತ್ತಿರ ನಿಂತೆ. ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಸ್ವಲ್ಪ ಹೊತ್ತು ಅವರ ಕಾಲನ್ನೇ ನೋಡುತ್ತಾ ನಿಂತಾಗ ತಿಳಿಯಿತು, ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವುದು ಎಡಗಾಲು ನೆಲ ಮುಟ್ಟುವ ಹೊತ್ತಿಗೆ. ಹಿಂದೆ ಬರುವ ಅಷ್ಟೂ ಮಕ್ಕಳು, ಬ್ಯಾಂಡ್‌ನವರು ಮಾತ್ರ ಅಲ್ಲ, ಕವಾಯತಿನ ಎಲ್ಲಾ ತುಕಡಿಗಳೂ ಆ ಪೆಟ್ಟನ್ನು ಕೇಳಿಕೊಂಡೇ ಹೆಜ್ಜೆ ಹಾಕುತ್ತಾರೆ. ಅವಳು ಒಂದು ಕ್ಷಣ ತಪ್ಪಿದರೆ ಇಡೀ ಮೈದಾನದ ಕಾಲು ತಪ್ಪುತ್ತದೆ. ಹಾಡು ನಿಲ್ಲಿಸುವ ಮೊದಲು ಬೇಗಬೇಗ ಎರಡು ಪೆಟ್ಟು ಹಾಕಿ ಎಲ್ಲರಿಗೂ ಸೂಚನೆ ಕೊಡುವವಳೂ ಅವಳೇ. ಅವತ್ತು ರಾತ್ರಿ ಊಟ ಮಾಡುವಾಗ ಇದನ್ನು ಹೇಳಿದೆ. "ಹೌದಮ್ಮಾ, ಅದಕ್ಕೇ ಸರ್ ನನ್ನನ್ನು ಬೇರೆ ಕಡೆ ನೋಡಬೇಡ ಅಂತಾರೆ" ಅಂದಳು. ಆಮೇಲೆ ಅರ್ಧ ಗಂಟೆ ಬ್ಯಾಂಡ್ ಬಗ್ಗೆಯೇ ಮಾತಾಡಿದಳು.

ಹಾಗಾಗಿ ನಾನು ಎಲ್ಲಾ ಅಪ್ಪ ಅಮ್ಮಂದಿರಿಗೂ ಮೊದಲು ಹೇಳುವುದು ಇದನ್ನೇ. ನಿಮಗೆ ಸಂಗೀತ ಬರಬೇಕಾಗಿಲ್ಲ. ಆದರೆ ನಿಮ್ಮ ಮಗು ಬಾರಿಸುವ ಆ ಒಂದು ಚೂರು ಇಡೀ ಬ್ಯಾಂಡ್‌ನಲ್ಲಿ ಏನು ಕೆಲಸ ಮಾಡುತ್ತದೆ ಅಂತ ಒಂದು ಸಲ ಹೋಗಿ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಒಂದೇ ಡ್ರಮ್ಮನ್ನೋ ಒಂದೇ ಬ್ಯೂಗಲನ್ನೋ ಕೇಳಿದರೆ ಅದು ಬರೀ ಗಲಾಟೆ ಅನ್ನಿಸಬಹುದು. ತಾಳ ಹಿಡಿದ ಹುಡುಗ ಹದಿನೈದು ಎಣಿಸಿ ಒಂದು ಸಲ ಹೊಡೆಯುತ್ತಾನೆ, ಅವನ ಕೆಲಸ ಹೊಡೆಯುವುದಕ್ಕಿಂತ ಎಣಿಸುವುದೇ. ಇದು ಗೊತ್ತಿಲ್ಲದೆ ನಾವು "ನಿನಗೆ ಬೇರೆ ವಾದ್ಯ ಸಿಗಲಿಲ್ವಾ?" ಅಂತ ಕೇಳಿಬಿಡುತ್ತೇವೆ. ಆ ಪ್ರಶ್ನೆಯಿಂದ ಮಗುವಿನ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ.

ಮನೆಯಲ್ಲಿ ಅಭ್ಯಾಸ

ನಮ್ಮ ಕಡೆ ಬಹಳಷ್ಟು ಶಾಲೆಗಳಲ್ಲಿ ವಾದ್ಯ ಮನೆಗೆ ಕೊಡುವುದಿಲ್ಲ. ಪ್ರಾಕ್ಟೀಸ್ ಮುಗಿದ ಕೂಡಲೇ ಬ್ಯಾಂಡ್ ಸೆಟ್ ಪಿಟಿ ರೂಮಿಗೆ ಹೋಗುತ್ತದೆ. ಹಾಗಂತ ಹೊಸ ಡ್ರಮ್ ಕೊಂಡು ತರಲು ಓಡಬೇಡಿ. ಸೈಡ್ ಡ್ರಮ್‌ನ ಮುಕ್ಕಾಲು ಪಾಲು ಕೆಲಸ ಮಣಿಕಟ್ಟಿನದು. ಅದಕ್ಕೆ ಎರಡು ಸ್ಟಿಕ್ ಮತ್ತು ಒಂದು ರಬ್ಬರ್ ತುಂಡು ಸಾಕು. ನಾವು ಹಳೆಯ ಮೌಸ್ ಪ್ಯಾಡನ್ನು ಊಟದ ಮಣೆಯ ಮೇಲೆ ಅಂಟಿಸಿದ್ದೇವೆ. ಪಕ್ಕದ ಮನೆಯಲ್ಲಿ ಸೈಕಲ್ ಟ್ಯೂಬನ್ನು ನಾಲ್ಕು ಮಡಿಕೆ ಮಾಡಿ ಹಲಗೆಗೆ ಮೊಳೆ ಹೊಡೆದಿದ್ದಾರೆ. ರಬ್ಬರ್ ಯಾಕೆ ಅಂದರೆ ಸ್ಟಿಕ್ ಬಿದ್ದ ಕೂಡಲೇ ಪುಟಿದು ಮೇಲೆ ಬರಬೇಕು, ಡ್ರಮ್ಮಿನ ಮೇಲೂ ಹಾಗೇ ಪುಟಿಯುತ್ತದೆ. ದಿಂಬಿನ ಮೇಲೆ ಹೊಡೆದರೆ ಸ್ಟಿಕ್ ಪುಟಿಯುವುದಿಲ್ಲ, ಮಗು ಪ್ರತಿ ಪೆಟ್ಟಿಗೂ ಕೈಯಿಂದಲೇ ಎತ್ತಬೇಕಾಗುತ್ತದೆ, ದಿನಾ ಅದನ್ನೇ ಮಾಡಿದರೆ ಡ್ರಮ್ ಮುಂದೆ ನಿಂತಾಗ ಕೈ ಬೇರೆ ಥರ ಓಡುತ್ತದೆ. ಸ್ಟೀಲ್ ತಟ್ಟೆ, ಟೇಬಲ್ ಬೇಡವೇ ಬೇಡ. ಮಣಿಕಟ್ಟು ನೋಯುತ್ತದೆ, ಮನೆಯವರ ತಲೆಯೂ ನೋಯುತ್ತದೆ.

ಸ್ಟಿಕ್ ಕೊಳ್ಳುವಾಗ ಅಂಗಡಿಯಲ್ಲೇ ಎರಡು ಕೆಲಸ ಮಾಡಿ. ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟ ಇದ್ದರೆ ಕುಣಿಯುತ್ತಾ ಉರುಳುತ್ತದೆ. ಆಮೇಲೆ ಎರಡನ್ನೂ ಗಟ್ಟಿಯಾದ ಜಾಗಕ್ಕೆ ತಟ್ಟಿ ಕೇಳಿ. ಸದ್ದು ಒಂದೇ ಥರ ಇದ್ದರೆ ತೂಕವೂ ಹೆಚ್ಚುಕಡಿಮೆ ಒಂದೇ. ಜೋಡಿಯಲ್ಲಿ ಒಂದು ಭಾರ ಒಂದು ಹಗುರ ಇದ್ದರೆ ಮಗು ಎಷ್ಟು ಸಮವಾಗಿ ಹೊಡೆದರೂ ಸದ್ದು ಸಮ ಬರುವುದಿಲ್ಲ, ಬೈಗುಳ ಮಾತ್ರ ಮಗುವಿಗೆ ಬೀಳುತ್ತದೆ.

ಏನು ಬಾರಿಸಬೇಕು? ಸರ್ ಹೇಳಿಕೊಟ್ಟಿದ್ದನ್ನೇ. ನಡುವೆ ನಾವು ಯೂಟ್ಯೂಬ್ ನೋಡಿ ಹೊಸದು ತುರುಕಬಾರದು. ಆದರೆ ಎಲ್ಲಾ ಡ್ರಮ್ ಪಾಠಗಳ ಬೇರು ಒಂದೇ, ಕೈಗಳು ಯಾವ ಕ್ರಮದಲ್ಲಿ ಬೀಳಬೇಕು ಅನ್ನುವುದು. ಇದಕ್ಕೆ ರುಡಿಮೆಂಟ್ ಅಂತಾರೆ. ಪ್ರಪಂಚದಲ್ಲೆಲ್ಲಾ ಒಪ್ಪಿಕೊಂಡ ಒಂದು ಪಟ್ಟಿಯಲ್ಲಿ ಅಂಥವು 40 ಇವೆ. ಶಾಲೆಯ ಬ್ಯಾಂಡ್‌ಗೆ ಮೂರು ನಾಲ್ಕು ಗಟ್ಟಿಯಾಗಿ ಬಂದರೆ ಬೇಕಾದಷ್ಟಾಯಿತು. ಮೊದಲನೆಯದು ಬಲ ಎಡ ಬಲ ಎಡ. ಎರಡನೆಯದು ಬಲ ಬಲ ಎಡ ಎಡ. ಮೂರನೆಯದು ಮಕ್ಕಳಿಗೆ ತುಂಬಾ ಇಷ್ಟ, ಅದರ ಹೆಸರು ಪ್ಯಾರಡಿಡಲ್. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದನ್ನು ಬಾಯಲ್ಲಿ ಹೇಳುತ್ತಾ ತೊಡೆಯ ಮೇಲೆ ಕೈ ತಟ್ಟುತ್ತಾ ಹೋದರೆ ಬಸ್ಸಿನಲ್ಲಿ ಕೂತೂ ಅಭ್ಯಾಸ ಮಾಡಬಹುದು. ನಮ್ಮತ್ತೆ ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ಮೊಮ್ಮಗಳು ಇದನ್ನು ಹೇಳುವುದು ಕೇಳಿ ಅವರು ಪಕ್ಕದಲ್ಲಿ ಕೂತು ಆದಿತಾಳ ಹಾಕತೊಡಗಿದರು. ಎಂಟು ಎಣಿಕೆಯ ತಾಳದೊಳಗೆ ಆ ಪೆಟ್ಟುಗಳು ಸರಿಯಾಗಿ ಕೂತವು. ಈಗ ಸಂಜೆ ಹತ್ತು ನಿಮಿಷ ಅಜ್ಜಿ ಮೊಮ್ಮಗಳದ್ದೇ ಕಛೇರಿ.

ವೇಗದ ವಿಷಯಕ್ಕೆ ಬಂದರೆ, ಕವಾಯತಿನ ಸಾಮಾನ್ಯ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಅಂದರೆ ಸೆಕೆಂಡಿಗೆ ಎರಡು. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್, ಅಂದರೆ ಸಮವಾಗಿ ಟಿಕ್ ಟಿಕ್ ಅನ್ನುತ್ತಾ ಎಣಿಕೆ ಕೊಡುವ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆಯಾಗಿ ಸಿಗುತ್ತದೆ. ಮೊದಲ ದಿನವೇ 120ಕ್ಕೆ ಇಡಬೇಡಿ. 60ರಲ್ಲಿ ಶುರು ಮಾಡಿ, ಅದು ಸಲೀಸಾಗಿ ಬಂದ ಮೇಲೆ 70, ಆಮೇಲೆ 80. ಮಕ್ಕಳಿಗೆ ವೇಗವೇ ದೊಡ್ಡದು ಅನ್ನಿಸುತ್ತದೆ, ನಿಧಾನಕ್ಕೆ ಸಮವಾಗಿ ಬಾರಿಸುವುದೇ ಕಷ್ಟ ಅಂತ ಅವರಿಗೆ ನಿಧಾನವಾಗಿಯೇ ಗೊತ್ತಾಗುತ್ತದೆ. ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟವಾದದ್ದು, ರಾಷ್ಟ್ರಗೀತೆಗೆ ಗಡಿಯಾರ ಇಡುವುದು. ಅದನ್ನು ಪೂರ್ತಿ ಹಾಡಲು 52 ಸೆಕೆಂಡ್ ಬೇಕು. ಮನೆಯಲ್ಲಿ ಹಾಡಿಕೊಂಡು ನೋಡಿದರೆ ಮಕ್ಕಳು 45ಕ್ಕೇ ಮುಗಿಸುತ್ತಾರೆ, ಅವಸರ ಎಷ್ಟು ಅಂತ ಅವರಿಗೇ ಕಾಣಿಸುತ್ತದೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸುವುದು ಬೇಡ, ಕೈ ಕಲಿಯುವುದು ದಿನವೂ ಸ್ವಲ್ಪ ಸ್ವಲ್ಪ ಮಾಡಿದಾಗ.

ಬ್ಯೂಗಲ್ ಊದುವ ಮಕ್ಕಳ ಅಪ್ಪ ಅಮ್ಮಂದಿರಿಗೆ

ಇದು ಬೇರೆಯದೇ ಕಥೆ. ಬ್ಯೂಗಲ್‌ಗೆ ಕೀ ಇಲ್ಲ, ತೂತಿಲ್ಲ. ಬರುವ ಎಲ್ಲಾ ಸ್ವರಗಳೂ ತುಟಿಯಿಂದ ಮತ್ತು ಉಸಿರಿನಿಂದಲೇ ಬರಬೇಕು, ಸಾಮಾನ್ಯವಾಗಿ ಬಳಸುವುದು ಐದೇ ಸ್ವರ. ನನ್ನ ಮಗಳ ಗೆಳತಿಯ ತಮ್ಮ ಮೊದಲ ಎರಡು ವಾರ ಊದಿದರೆ ಬರೀ ಗಾಳಿ ಬರುತ್ತಿತ್ತು. ಅವರ ಅಪ್ಪ ಇವನಿಗೆ ಶ್ವಾಸಕೋಶದಲ್ಲಿ ಶಕ್ತಿ ಇಲ್ಲ ಅಂತ ತಿಳಿದು ಮೊಟ್ಟೆ, ಬಾದಾಮಿ ಕೊಡತೊಡಗಿದರು. ಅಲ್ಲಿ ಬೇಕಾಗಿದ್ದು ಶಕ್ತಿ ಅಲ್ಲ. ತುಟಿ ಎರಡನ್ನೂ ಸೇರಿಸಿ ಚಿಕ್ಕ ಮಕ್ಕಳು ಕಾರು ಓಡಿಸುವಾಗ ಮಾಡುವ ಹಾಗೆ ನಡುಗಿಸಬೇಕು, ಆ ನಡುಕವೇ ಸದ್ದಾಗುವುದು. ಕೆನ್ನೆ ಉಬ್ಬಿಸಬಾರದು. ಮೌತ್‌ಪೀಸನ್ನು, ಅಂದರೆ ಬಾಯಿಗೆ ಇಟ್ಟು ಊದುವ ತುದಿಯನ್ನು, ತುಟಿಗೆ ಒತ್ತಿ ಹಿಡಿಯಬಾರದು. ಊದಿ ಮುಗಿಸಿದ ಮೇಲೆ ತುಟಿಯ ಮೇಲೆ ಗಾಢ ಕೆಂಪು ಉಂಗುರದ ಗುರುತು ಬಹಳ ಹೊತ್ತು ಉಳಿದರೆ ಒತ್ತುತ್ತಿದ್ದಾನೆ ಅಂತ ಅರ್ಥ. ಐದು ನಿಮಿಷ ಊದಿ, ಐದು ನಿಮಿಷ ಬಿಡಬೇಕು. ತುಟಿಯೂ ಮಾಂಸಖಂಡವೇ, ದಣಿಯುತ್ತದೆ.

ಮೌತ್‌ಪೀಸ್ ಮಾತ್ರ ಸ್ವಂತದ್ದು ಇರಲಿ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಇಬ್ಬರು ಮೂವರು ಮಕ್ಕಳು ಒಂದೇ ಮೌತ್‌ಪೀಸ್ ಬಳಸುವುದನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಒಬ್ಬರ ಶೀತ ಎಲ್ಲರಿಗೂ. ಅದು ಬ್ಯೂಗಲ್‌ನಿಂದ ಬಿಚ್ಚಿ ಬರುತ್ತದೆ, ಬೇರೆ ಕೊಳ್ಳಲೂ ಸಿಗುತ್ತದೆ, ಡಬ್ಬಿಯಲ್ಲಿ ಹಾಕಿಕೊಂಡು ಹೋಗಬಹುದು. ದಿನಾ ಸೋಪು ಹಾಕಿ ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಇನ್ನೊಂದು ಲಾಭ, ಮನೆಯಲ್ಲಿ ಬರೀ ಮೌತ್‌ಪೀಸ್ ಊದಿಯೇ ತುಟಿ ಪಳಗಿಸಬಹುದು, ಅಕ್ಕಪಕ್ಕದವರಿಗೆ ತೊಂದರೆ ಇಲ್ಲ. ಊದುವ ಮೊದಲು ಬಾಯಿ ಮುಕ್ಕಳಿಸಲಿ. ಚಾಕೊಲೇಟ್ ತಿಂದು ಊದಿದರೆ ಆ ಸಕ್ಕರೆಯೆಲ್ಲಾ ಕೊಳವೆಯೊಳಗೆ ಹೋಗಿ ಕೂರುತ್ತದೆ.

ಮೌತ್‌ಪೀಸ್ ಸಿಕ್ಕಿಕೊಂಡು ಬಿಚ್ಚಲು ಬರದಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ. ಕೊಳವೆಯೇ ತಿರುಚಿಹೋಗುತ್ತದೆ. ವಾದ್ಯ ರಿಪೇರಿಯವರ ಹತ್ತಿರ ಅದಕ್ಕೇ ಆಗುವ ಒಂದು ಸಲಕರಣೆ ಇರುತ್ತದೆ. ನಿಮ್ಮೂರಲ್ಲಿ ಅಂಥ ಅಂಗಡಿ ಇಲ್ಲದಿದ್ದರೆ ಮದುವೆ ಮೆರವಣಿಗೆಗೆ ಬ್ಯಾಂಡ್ ಸೆಟ್ ಬಾರಿಸುವವರನ್ನು ಕೇಳಿ. ಅವರು ದಿನಾ ಇದೇ ವಾದ್ಯಗಳ ಜೊತೆ ಬದುಕುವವರು. ನಮ್ಮ ಶಾಲೆಯ ಡ್ರಮ್ಮಿಗೆ ಹೊಸ ಹಾಳೆ ಹಾಕಿ ಕೊಟ್ಟವರು ಅಂಥ ಒಬ್ಬ ಹಿರಿಯರು. ಹಾಕುವಾಗ ಕೀಲಿಯನ್ನು ಒಂದೇ ಕಡೆ ಬಿಗಿಯದೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು ಅಂತ ಮಕ್ಕಳಿಗೆ ತೋರಿಸಿಯೂ ಕೊಟ್ಟರು. ಅವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ.

ಇನ್ನೊಂದು ಮಾತು. ಹಿತ್ತಾಳೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ದೇವರ ಸಾಮಾನಿಗೆ ಅದು ಸರಿ. ಬ್ಯೂಗಲ್ ಮೇಲೆ ಮೆರುಗಿನ ಲೇಪ ಇದ್ದರೆ ಅದು ಹಾಳಾಗುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಲ್ಲಿಗೆ ಕ್ಲಿಪ್ ಹಾಕಿಸುವ ಯೋಚನೆ ಇದ್ದರೆ ಮಗು ಬ್ಯೂಗಲ್ ಊದುತ್ತದೆ ಅಂತ ದಂತವೈದ್ಯರಿಗೆ ಮೊದಲೇ ತಿಳಿಸಿ.

ಕೊಳಲು ಹಿಡಿದ ಮಕ್ಕಳಿಗೆ ಮೊದಮೊದಲು ತಲೆ ಸುತ್ತುತ್ತದೆ, ಉಸಿರು ಜಾಸ್ತಿ ಪೋಲಾಗುವುದರಿಂದ. ಕೂತು ಊದಿಸಿ, ನಡುನಡುವೆ ನಿಲ್ಲಿಸಿ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆಸ್ತಮಾ ಇರುವ ಮಗುವಾದರೆ ಇನ್‌ಹೇಲರ್ ಎಲ್ಲಿದೆ ಅಂತ ಪಿಟಿ ಸರ್‌ಗೆ ಗೊತ್ತಿರಲೇಬೇಕು.

ಕಿವಿ, ಹೆಗಲು, ಕಾಲು

ಬ್ಯಾಂಡ್ ಅಂದರೆ ಸಂಗೀತದಷ್ಟೇ ಮೈಯ ಕೆಲಸ. ಇದನ್ನು ಮನೆಯವರು ನೋಡಿಕೊಳ್ಳದಿದ್ದರೆ ಬೇರೆ ಯಾರೂ ನೋಡಿಕೊಳ್ಳುವುದಿಲ್ಲ. ಪಿಟಿ ಸರ್ ಒಬ್ಬರೇ, ಮಕ್ಕಳು ನಲವತ್ತು.

ಕಿವಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಒಮ್ಮೆ ಹಾಳಾದ ಕೇಳುವ ಶಕ್ತಿ ತಿರುಗಿ ಬರುವುದಿಲ್ಲ. ಕೆಲಸದ ಜಾಗದ ಶಬ್ದಕ್ಕೆ ತಜ್ಞರು ಇಟ್ಟಿರುವ ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಸೈಡ್ ಡ್ರಮ್ ಹತ್ತಿರದಲ್ಲಿ ಜೋರಾಗಿ ಬಾರಿಸಿದರೆ 100 ದಾಟುವುದು ಕಷ್ಟವಲ್ಲ. ಬಾಗಿಲು ಮುಚ್ಚಿದ ಕ್ಲಾಸ್‌ರೂಮಿನಲ್ಲಿ ಹತ್ತು ಡ್ರಮ್ ಒಟ್ಟಿಗೆ ಬಾರಿಸಿದರೆ ಹೇಗಿರುತ್ತದೆ ಅಂತ ನೀವೇ ಯೋಚಿಸಿ. ಮಳೆ ಬಂತು ಅಂತ ಮಕ್ಕಳನ್ನು ಒಳಗೆ ಕೂಡಿ ಬಾರಿಸುವ ರೂಢಿ ಇದೆ. ಅವತ್ತು ಡ್ರಮ್ ಬಿಟ್ಟು ರಬ್ಬರಿನ ಮೇಲೋ ಬೆಂಚಿನ ಮೇಲೆ ಕೈಯಿಂದಲೋ ಎಣಿಕೆ ಮಾಡಿಸಿ ಅಂತ ಸರ್ ಹತ್ತಿರ ಮೆತ್ತಗೆ ಕೇಳಿ. ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್ ಪ್ಲಗ್ ಸಿಗುತ್ತದೆ, ಬೆಲೆ ಬಹಳ ಕಡಿಮೆ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ಇಟ್ಟರೆ ಅದೇ ಹಿಗ್ಗಿ ಕೂರುತ್ತದೆ. ಹತ್ತಿ ತುರುಕುವುದರಿಂದ ಹೆಚ್ಚು ಉಪಯೋಗ ಇಲ್ಲ. ಪ್ರಾಕ್ಟೀಸ್‌ನಿಂದ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಅಂತ ಮಗು ಹೇಳಿದರೆ ಸುಮ್ನೆ ಬಿಡಬೇಡಿ. ಅದು ಎಚ್ಚರಿಕೆ.

ಆಮೇಲೆ ಭಾರ. 6ರಿಂದ 8ನೇ ಕ್ಲಾಸಿನ ಮಕ್ಕಳ ಸ್ಕೂಲ್ ಬ್ಯಾಗ್ 3ರಿಂದ 4 ಕೆಜಿ ಒಳಗಿರಬೇಕು ಅಂತ ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲೇ ಹೇಳಿದೆ. ದೊಡ್ಡ ಡ್ರಮ್ ತೂಗಿ ನೋಡಿ, ಅದಕ್ಕಿಂತ ಜಾಸ್ತಿಯೇ ಬರುತ್ತದೆ, ಅದನ್ನು ಹೊತ್ತು ಮಗು ನಡೆಯಬೇಕು, ಕೈಯನ್ನೂ ಆಡಿಸಬೇಕು. ನಾನು ಮಾಡಿದ್ದು ಸಣ್ಣ ಕೆಲಸ. ಹಳೆಯ ಟವೆಲ್ಲನ್ನು ಮಡಿಸಿ ಡ್ರಮ್ಮಿನ ಪಟ್ಟಿ ಹೆಗಲ ಮೇಲೆ ಕೂರುವ ಕಡೆ ಹೊಲಿದುಕೊಟ್ಟೆ. ಮಗಳ ಹೆಗಲ ಮೇಲಿನ ಕೆಂಪು ಗೆರೆ ಹೋಯಿತು. ಮುಂದಿನ ವಾರ ಉಳಿದ ಡ್ರಮ್ಮುಗಳಿಗೂ ನಾವು ಮೂರು ಜನ ಅಮ್ಮಂದಿರು ಸೇರಿ ಹೊಲಿದೆವು. ಪಟ್ಟಿಯ ಉದ್ದ ಮಗುವಿನ ಎತ್ತರಕ್ಕೆ ಸರಿಯಾಗಿದೆಯಾ ನೋಡಿ. ಸೈಡ್ ಡ್ರಮ್ ತೀರಾ ಕೆಳಗೆ ಜೋತುಬಿದ್ದರೆ ಪ್ರತಿ ಹೆಜ್ಜೆಗೂ ಮೊಣಕಾಲಿಗೆ ಬಡಿಯುತ್ತದೆ, ತೀರಾ ಮೇಲಿದ್ದರೆ ಭುಜ ಎತ್ತಿ ಬಾರಿಸಬೇಕಾಗುತ್ತದೆ. ವಿಶ್ರಾಮ್ ಹೇಳಿದಾಗ ಡ್ರಮ್ ಕೆಳಗೆ ಇಡಲು ಬಿಡಿ ಅಂತ ಸರ್‌ಗೆ ಹೇಳಿ.

ಈಗ ತಲೆ ತಿರುಗಿ ಬೀಳುವ ವಿಷಯ. ಇದನ್ನು ಬರೆಯುವಾಗ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಗಳು ಬರುವುದು ತಡವಾಯಿತು ಅಂತ ಮಕ್ಕಳನ್ನು ಒಂದೂವರೆ ಗಂಟೆ ಬಿಸಿಲಲ್ಲಿ ನಿಲ್ಲಿಸಿದರು. ಇಬ್ಬರು ಮಕ್ಕಳು ಬಿದ್ದರು. ಒಬ್ಬಳು ಬೆಳಿಗ್ಗೆ ಐದಕ್ಕೆ ಎದ್ದು ಬರೀ ಒಂದು ಲೋಟ ಹಾಲು ಕುಡಿದು ಬಂದಿದ್ದಳು. ಮಕ್ಕಳು ಹೀಗೆ ಬೀಳುವುದಕ್ಕೆ ಕಾರಣ ಬರೀ ಬಿಸಿಲಲ್ಲ. ಸಾವಧಾನ್‌ನಲ್ಲಿ ಮೊಣಕಾಲನ್ನು ಹಿಂದಕ್ಕೆ ಬಿಗಿದು ಅಲ್ಲಾಡದೆ ನಿಂತಾಗ ರಕ್ತ ಕಾಲಲ್ಲೇ ನಿಲ್ಲುತ್ತದೆ. ಮೀನಖಂಡ ಆಡಿದರೆ ತಾನೇ ಅದು ಮೇಲೆ ಬರುವುದು? ತಲೆಗೆ ಹೋಗುವ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೆ ಮಗುವಿಗೆ ಮನೆಯಲ್ಲೇ ಕಲಿಸಿ, ನೆಟ್ಟಗೆ ನಿಂತಿರು ಆದರೆ ಮೊಣಕಾಲು ಒಂಚೂರು ಸಡಿಲ ಇರಲಿ, ಶೂ ಒಳಗೆ ಬೆರಳು ಆಡಿಸುತ್ತಿರು, ಮೀನಖಂಡ ಬಿಗಿ ಮಾಡಿ ಬಿಡು, ಹೊರಗೆ ಯಾರಿಗೂ ಕಾಣುವುದಿಲ್ಲ. ಕಣ್ಣು ಮಂಜಾಯಿತು, ಕಿವಿ ಮುಚ್ಚಿದ ಹಾಗಾಯಿತು ಅಂದರೆ ನಾಚಿಕೆ ಪಡದೆ ಅಲ್ಲೇ ಕೂತುಬಿಡು. ಬಿದ್ದ ಮಗುವನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಬಾರದು. ನೆರಳಲ್ಲಿ ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟು, ಬೆಲ್ಟು ಕಾಲರ್ ಸಡಿಲ ಮಾಡಬೇಕು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಆಸ್ಪತ್ರೆಗೆ.

ತಿಂಡಿ ಹಿಂದಿನ ರಾತ್ರಿಯೇ ಯೋಚಿಸಿಕೊಳ್ಳಿ. ಬೆಳಿಗ್ಗೆ ಐದೂವರೆಗೆ ಯಾವ ಮಗುವಿಗೂ ಹಸಿವಾಗುವುದಿಲ್ಲ, ಅದಕ್ಕೆ ಒತ್ತಾಯ ಮಾಡದೆ ಎರಡು ಭಾಗ ಮಾಡಿ. ಎದ್ದ ಕೂಡಲೇ ಒಂದು ಲೋಟ ರಾಗಿ ಗಂಜಿ, ಮೈದಾನಕ್ಕೆ ಹೋದ ಮೇಲೆ ಡಬ್ಬಿಯಲ್ಲಿ ಎರಡು ಇಡ್ಲಿಯೋ ಅವಲಕ್ಕಿಯೋ. ಎಣ್ಣೆ ಜಾಸ್ತಿ ಇರುವ ಪೂರಿ ಬೇಡ. ನೀರನ್ನು ಹಿಂದಿನ ದಿನದಿಂದಲೇ ಚೆನ್ನಾಗಿ ಕುಡಿಸಿ. ಮೈದಾನದಲ್ಲಿ ಗಟಗಟ ಕುಡಿಯುವುದಕ್ಕಿಂತ ಗುಟುಕು ಗುಟುಕಾಗಿ ಕುಡಿಯಲಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ.

ಶೂ ಬಗ್ಗೆ ಒಂದೇ ಮಾತು, ಹೊಸ ಶೂ ಆಗಸ್ಟ್ 15ರ ದಿನ ಹಾಕಿಸಬೇಡಿ. ಎರಡು ವಾರ ಮೊದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಲಿ.

ಹೆಣ್ಣುಮಕ್ಕಳ ಅಮ್ಮಂದಿರು ಇನ್ನೊಂದನ್ನು ಧೈರ್ಯವಾಗಿ ಮಾತಾಡಬೇಕು. ಬ್ಯಾಂಡ್ ಯೂನಿಫಾರ್ಮ್ ಬಿಳಿ. ಮೂರು ಗಂಟೆ ಮೈದಾನದಲ್ಲಿ, ಶೌಚಾಲಯ ಎಲ್ಲಿದೆಯೋ ಗೊತ್ತಿಲ್ಲ. ಮುಟ್ಟಿನ ಭಯಕ್ಕೇ ಎಷ್ಟೋ ಹುಡುಗಿಯರು ಬ್ಯಾಂಡ್ ಬಿಡುತ್ತಾರೆ, ಕಾರಣ ಮಾತ್ರ ಬೇರೆ ಏನೋ ಹೇಳುತ್ತಾರೆ. ನಾವು ಕೆಲವರು ಒಟ್ಟಿಗೆ ಹೋಗಿ ಹೆಡ್‌ಮಿಸ್ ಹತ್ತಿರ ಮಾತಾಡಿದೆವು. ಈಗ ನಮ್ಮ ಹುಡುಗಿಯರದ್ದು ನೀಲಿ ಪ್ಯಾಂಟು, ಬಿಳಿ ಶರ್ಟು. ಜೊತೆಗೆ ಒಬ್ಬ ಟೀಚರ್ ಬ್ಯಾಗಿನಲ್ಲಿ ಪ್ಯಾಡ್, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಬರುತ್ತಾರೆ. ಕೇಳಿದ್ದಕ್ಕೆ ಯಾರೂ ಬೇಡ ಅನ್ನಲಿಲ್ಲ, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅಷ್ಟೆ.

ಓದು ಹಾಳಾಗುತ್ತದೆ ಅನ್ನುವ ಚಿಂತೆ

ಆಗಸ್ಟ್ ಮೊದಲ ಎರಡು ವಾರ ಮತ್ತು ಜನವರಿಯ ಕೊನೆ, ಈ ಎರಡು ಹೊತ್ತಿನಲ್ಲಿ ಕ್ಲಾಸುಗಳು ತಪ್ಪುತ್ತವೆ. ನವೆಂಬರ್ 1ಕ್ಕೂ ಸ್ವಲ್ಪ. ಇದು ಮೊದಲೇ ಗೊತ್ತಿರುವ ವಿಷಯ, ಹಾಗಾಗಿ ಮೊದಲೇ ತಯಾರಾಗಬಹುದು. ಜುಲೈ ಕೊನೆಯಲ್ಲೇ ಕ್ಯಾಲೆಂಡರ್ ಮೇಲೆ ಪ್ರಾಕ್ಟೀಸ್ ದಿನ, ಎಫ್‌ಎ ಟೆಸ್ಟ್ ದಿನ ಎರಡನ್ನೂ ಗುರುತು ಮಾಡಿ. ಬ್ಯಾಂಡ್‌ನಲ್ಲಿ ಇಲ್ಲದ ಒಬ್ಬ ಸಹಪಾಠಿಯ ನೋಟ್ಸ್ ಪ್ರತಿದಿನ ಫೋನಿನಲ್ಲಿ ತರಿಸಿಕೊಳ್ಳಿ, ಎಲ್ಲವನ್ನೂ ಭಾನುವಾರಕ್ಕೆ ಗುಡ್ಡೆ ಹಾಕಬೇಡಿ. ಗಣಿತ ಮಾತ್ರ ತಪ್ಪಿದ ದಿನವೇ ನೋಡಿಕೊಳ್ಳುವುದು ಒಳ್ಳೆಯದು, ನಾಳೆಯ ಲೆಕ್ಕ ಇವತ್ತಿನದರ ಮೇಲೆ ನಿಂತಿರುತ್ತದೆ. ಹತ್ತನೇ ಕ್ಲಾಸಿನವರದ್ದು ಬೇರೆ, ಜನವರಿಯಲ್ಲಿ ಅವರಿಗೆ ಎಸ್ಸೆಸ್ಸೆಲ್ಸಿ ತಯಾರಿ ಜೋರಾಗಿರುತ್ತದೆ. ಬಿಡಿಸಲೇಬೇಕು ಅಂತಿದ್ದರೆ ಆಗಸ್ಟ್ ಮುಗಿಸಿ, ತನ್ನ ಜಾಗಕ್ಕೆ ಬರುವ ಚಿಕ್ಕ ಮಗುವಿಗೆ ಕಲಿಸಿ ಬಿಡಲಿ. ನಡುವೆ ಎಳೆದುಕೊಂಡು ಬರಬೇಡಿ.

"ಬ್ಯಾಂಡ್ ಬಿಡ್ತೀನಿ" ಅಂತ ಮಗುವೇ ಹೇಳುವ ದಿನ ಬಂದೇ ಬರುತ್ತದೆ. ನಮ್ಮಲ್ಲೂ ಬಂತು. ಮುಂದೆ ಕೋಲು ಹಿಡಿದು ನಡೆಯುವ ಬ್ಯಾಂಡ್ ಲೀಡರ್ ಜಾಗ ತನಗೆ ಸಿಗಲಿಲ್ಲ ಅಂತ ಏಳನೇ ಕ್ಲಾಸಿನಲ್ಲಿ ಅತ್ತಳು. ಆಗ ಬುದ್ಧಿ ಹೇಳುವುದಕ್ಕಿಂತ ಯಾಕೆ ಅಂತ ಕೇಳಿ ಸುಮ್ನೆ ಕೂರುವುದು ಒಳ್ಳೆಯದು. ನಿಜವಾದ ಕಾರಣ ಎರಡನೇ ದಿನವೋ ಮೂರನೇ ದಿನವೋ ಹೊರಗೆ ಬರುತ್ತದೆ. ಹೆಗಲು ನೋವಾ, ದೊಡ್ಡ ಮಕ್ಕಳು ಆಡಿಕೊಳ್ಳುತ್ತಾರಾ, ಒಂದು ಹಾಡು ಕೈಗೆ ಬರುತ್ತಿಲ್ಲವಾ? ಬೇಜಾರಾಗಿದ್ದರೆ, ಒಪ್ಪಿಕೊಂಡ ಕಾರ್ಯಕ್ರಮ ಮುಗಿಯುವವರೆಗೆ ಇರು, ನೀನು ಹೋದರೆ ಪಕ್ಕದವರ ಎಣಿಕೆ ತಪ್ಪುತ್ತದೆ, ಆಮೇಲೆ ನೀನೇ ತೀರ್ಮಾನ ಮಾಡು ಅಂತ ಹೇಳಬಹುದು. ಆದರೆ ನೋವು ಇದ್ದರೆ, ಯಾರಾದರೂ ಹೊಡೆಯುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಅವತ್ತೇ ಶಾಲೆಗೆ ಹೋಗಿ.

ಶಾಲೆಯ ಜೊತೆ

ಪಿಟಿ ಸರ್‌ಗೆ ಪಾಠ ಹೇಳಲು ಹೋಗಬೇಡಿ, ಕೈ ಜೋಡಿಸಲು ಹೋಗಿ. "ಸರ್, 13ನೇ ತಾರೀಖು ನೀರಿನ ಕ್ಯಾನ್ ನಾವು ತರ್ತೀವಿ" ಅಂದರೆ ಅವರಿಗೆ ಎಷ್ಟು ಹಗುರವಾಗುತ್ತದೆ ಅಂತ ನೋಡಿ. ನೀರು, ಗ್ಲೂಕೋಸ್, ಬ್ಯಾಂಡೇಜ್, ಸೂಜಿ ದಾರ, ಹೆಚ್ಚಿನ ಗುಂಡಿ, ಒಂದು ಜೊತೆ ಸ್ಟಿಕ್. ಇಷ್ಟು ಒಂದು ಚೀಲದಲ್ಲಿ ಇಟ್ಟುಕೊಂಡು ಸರದಿ ಮೇಲೆ ಒಬ್ಬೊಬ್ಬರು ಹೋದರೆ ಸಾಕು. ಹೀಗೆ ನಾಲ್ಕು ದಿನ ಜೊತೆಗೆ ನಿಂತವರು ಐದನೇ ದಿನ "ಮಕ್ಕಳನ್ನು ಸ್ವಲ್ಪ ನೆರಳಿಗೆ ಬಿಡಿ ಸರ್" ಅಂದರೆ ಅದಕ್ಕೆ ಬೆಲೆ ಇರುತ್ತದೆ.

ಯೂನಿಫಾರ್ಮ್ ಖರ್ಚು ಎಲ್ಲರಿಗೂ ಒಂದೇ ಥರ ಅಲ್ಲ. ದೊಡ್ಡ ಮಕ್ಕಳಿಗೆ ಚಿಕ್ಕದಾದ ಡ್ರೆಸ್, ಟೋಪಿ, ಬೆಲ್ಟುಗಳನ್ನು ಶಾಲೆಯಲ್ಲೇ ಒಂದು ಪೆಟ್ಟಿಗೆಯಲ್ಲಿಟ್ಟು ಬೇಕಾದವರು ತೆಗೆದುಕೊಳ್ಳುವ ಹಾಗೆ ಮಾಡಿ. ಯಾರು ತೆಗೆದುಕೊಂಡರು ಅಂತ ಯಾರೂ ಬರೆದಿಡುವುದು ಬೇಡ. ಸರ್ಕಾರಿ ಶಾಲೆಯಲ್ಲಿ ಬ್ಯಾಂಡ್ ಸೆಟ್ಟೇ ಇಲ್ಲದಿದ್ದರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಎತ್ತಿ, ಹಳೆ ವಿದ್ಯಾರ್ಥಿಗಳನ್ನು ಕೇಳಿ. ಪೂರ್ತಿ ಸೆಟ್ಟಿಗೆ ಕಾಯಬೇಕಾಗಿಲ್ಲ. ಒಂದು ದೊಡ್ಡ ಡ್ರಮ್, ಎರಡು ಸೈಡ್ ಡ್ರಮ್, ಒಂದು ಜೊತೆ ತಾಳ ಇದ್ದರೆ ಶಾಲೆಯ ಕವಾಯತು ನಡೆಯುತ್ತದೆ. ಚೆನ್ನಾಗಿ ಬೆಳೆದ ತಂಡಕ್ಕೆ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯೂ ಇದೆ. ರಾಜ್ಯ ಮಟ್ಟ, ವಲಯ ಮಟ್ಟ ದಾಟಿದವರು ಗಣರಾಜ್ಯೋತ್ಸವದ ಹೊತ್ತಿಗೆ ದೆಹಲಿಗೆ ಹೋಗುತ್ತಾರೆ. ಹಿತ್ತಾಳೆ ವಾದ್ಯಗಳ ಬ್ರಾಸ್ ಬ್ಯಾಂಡ್, ಬ್ಯಾಗ್‌ಪೈಪ್ ಊದುವ ಪೈಪ್ ಬ್ಯಾಂಡ್ ಅಂತ ಎರಡು ವಿಭಾಗ, ಹುಡುಗರಿಗೆ ಹುಡುಗಿಯರಿಗೆ ಬೇರೆ ಬೇರೆ.

ಕೇಳಿಸಿ

ಸ್ಟಿಕ್ಕು, ಶೂ, ತಿಂಡಿ ಎಲ್ಲದಕ್ಕಿಂತ ನನ್ನ ಮಗಳಿಗೆ ಉಪಯೋಗವಾದದ್ದು ದೊಡ್ಡವರ ಬ್ಯಾಂಡ್ ಕೇಳಿಸಿದ್ದು. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ಗಣರಾಜ್ಯೋತ್ಸವಕ್ಕೆ ಮುಕ್ತಾಯ ಹಾಡುವ ಬೀಟಿಂಗ್ ರಿಟ್ರೀಟ್ ನಡೆಯುತ್ತದೆ, ಟಿವಿಯಲ್ಲಿ ನೇರ ಬರುತ್ತದೆ. ಮೂರೂ ಸೇನೆಗಳ ಬ್ಯಾಂಡ್ ಒಟ್ಟಿಗೆ ತಿರುಗುವಾಗ ಸಾಲಿನ ಒಳಗಿನವರು ಚಿಕ್ಕ ಹೆಜ್ಜೆ, ಹೊರಗಿನವರು ದೊಡ್ಡ ಹೆಜ್ಜೆ ಹಾಕುವುದನ್ನು ಅವಳೇ ನಮಗೆ ತೋರಿಸಿದಳು. ದಸರಾದಲ್ಲಿ ಮೈಸೂರಿಗೆ ಹೋದರೆ ಪೊಲೀಸ್ ಬ್ಯಾಂಡ್ ಕೇಳಿಸಿಕೊಂಡು ಬನ್ನಿ. ಅಲ್ಲಿ ಇಂಗ್ಲಿಷ್ ಬ್ಯಾಂಡೂ ಇದೆ, ನಮ್ಮ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇದೆ.

ಮೈಸೂರು ಅರಮನೆಯ ಬ್ಯಾಂಡ್ ಕೇಳಿಯೇ ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನ್ ಮೇಲೆ ಮನಸ್ಸು ಹೋದದ್ದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದವರು, ತಂದೆ ತನಿಯಪ್ಪ ನಾಗಸ್ವರದವರು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕೇಳಿದ ಆ ಒಂದು ವಾದ್ಯಕ್ಕಾಗಿ ಸುಮಾರು 20 ವರ್ಷ ಸಾಧನೆ ಮಾಡಿದರು. ಪರದೇಶದ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ, ಅಂದರೆ ಸ್ವರವನ್ನು ಓಲಾಡಿಸುವ ರೀತಿ ತಂದರು. 2004ರಲ್ಲಿ ಪದ್ಮಶ್ರೀ ಬಂತು. ಕರಾವಳಿಯಲ್ಲಿ ಇವತ್ತು ದೇವಸ್ಥಾನದಲ್ಲಿ, ಮದುವೆಯಲ್ಲಿ ಸ್ಯಾಕ್ಸೋಫೋನ್ ಕೇಳುವಾಗ ನನಗೆ ಬ್ಯಾಂಡ್ ಮುಂದೆ ಕಣ್ಣರಳಿಸಿ ನಿಂತ ಆ ಹುಡುಗನೇ ನೆನಪಾಗುತ್ತಾನೆ. ನಮ್ಮ ಮಕ್ಕಳೆಲ್ಲಾ ಹಾಗೆ ಆಗಲಿ ಅಂತ ಹೇಳುತ್ತಿಲ್ಲ. ಕೇಳಿದ್ದು ಎಲ್ಲಿ ಹೋಗಿ ಕೂರುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೆ ಕೇಳಿಸಿ ಅನ್ನುತ್ತೇನೆ.

ಕಾರ್ಯಕ್ರಮದ ದಿನ ಹೋಗಲೇಬೇಕು. ಇಬ್ಬರಿಗೂ ರಜೆ ಇಲ್ಲದಿದ್ದರೆ ಒಬ್ಬರಾದರೂ, ಇಲ್ಲವೇ ಅಜ್ಜ ಅಜ್ಜಿ. ಬ್ಯಾಂಡ್ ಹಾದುಹೋಗುವ ಕಡೆ ನಿಂತುಕೊಳ್ಳಿ. ಹೆಸರು ಹಿಡಿದು ಕೂಗಬೇಡಿ, ಕೈ ಬೀಸಬೇಡಿ, ಎಣಿಕೆ ತಪ್ಪುತ್ತದೆ. ವಿಡಿಯೊ ಒಂದು ನಿಮಿಷ ಸಾಕು, ಉಳಿದದ್ದನ್ನು ಕಣ್ಣಾರೆ ನೋಡಿ. ಮನೆಗೆ ಬಂದ ಮೇಲೆ "ಚೆನ್ನಾಗಿತ್ತು" ಅಂತ ಹೇಳಿ ಮುಗಿಸಬೇಡಿ, ನಿಮ್ಮ ಕಿವಿಗೆ ನಿಜವಾಗಿ ಬಿದ್ದ ಒಂದು ಸಂಗತಿಯ ಬಗ್ಗೆ ಮಗುವನ್ನು ವಿಚಾರಿಸಿ. ಈ ಸಲ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಜಿಟಿಜಿಟಿ ಮಳೆಯಲ್ಲೇ ಪಥಸಂಚಲನ ನಡೆಯಿತು. ವೇದಿಕೆ ದಾಟಿದ ಮೇಲೆ ಒಂದು ಕಡೆ ಡ್ರಮ್ಮಿನ ಸದ್ದು ಸ್ವಲ್ಪ ತಗ್ಗಿ ಮತ್ತೆ ಎದ್ದಿತು. ರಾತ್ರಿ ಅವಳ ಕಾಲಿಗೆ ಬಿಸಿನೀರು ಕೊಟ್ಟು, ಅಲ್ಲಿ ಏನಾಯಿತು ಅಂತ ಕೇಳಿದೆ.

"ಹಿಂದಿನ ತುಕಡಿಯ ಚಿಕ್ಕ ಮಕ್ಕಳು ಕೆಸರಲ್ಲಿ ಜಾರಿ ಹಿಂದೆ ಬಿದ್ರು ಅಮ್ಮಾ. ಸರ್ ಕಣ್ಣು ಮಾಡಿದ್ರು. ಅವರು ಬಂದು ಸೇರೋವರೆಗೆ ನಾನು ಮೆಲ್ಲಗೆ ಹೊಡೆದೆ."

ಮಳೆಯಲ್ಲಿ ನೆನೆದ ಸ್ಟಿಕ್ಕನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಾಗಲೀ ಒಲೆ ಹತ್ತಿರವಾಗಲೀ ಇಡದೆ, ಗಾಳಿಯಾಡುವ ಕಡೆ ಮಲಗಿಸಿಟ್ಟೆ. ಹಾಗೆ ಮಾಡಿದರೆ ಸೊಟ್ಟಗಾಗುವುದಿಲ್ಲ.